ಬರ್ತೀನಿ ಅಂತಲೋ, ಬನ್ನಿ ಅಂತಲೋ: ಚಾರ್ಮಾಡಿ ಘಾಟಿಯಲ್ಲಿ ಎರಡು ಸಲ ಹೊಡೆದ ಲೈಟು

"ಎರಡು ಸಲ ಲೈಟ್ ಹೊಡೆದೆ ಸಾರ್, ಆದ್ರೂ ನುಗ್ಗಿಬಿಟ್ರಲ್ಲ!"

"ನೀವು ಲೈಟ್ ಹೊಡೆದಿದ್ದಕ್ಕೇ ನಾನು ಬಂದಿದ್ದು!"

ಚಾರ್ಮಾಡಿ ಘಾಟಿಯ ನಡುವೆ, ಮಳೆ ಹನಿಯುತ್ತಿದ್ದ ಒಂದು ಸಂಜೆ, ತರಕಾರಿ ಪಿಕಪ್ಪಿನ ಡ್ರೈವರ್ ಮತ್ತು ನನ್ನ ಭಾವ ಒಬ್ಬರ ಮೇಲೊಬ್ಬರು ಕೂಗಾಡಿಕೊಂಡ ಮಾತುಗಳಿವು. ಇಬ್ಬರೂ ಮುಂದಿಟ್ಟಿದ್ದು ಒಂದೇ ಸಾಕ್ಷ್ಯ. ಹೂಡಿದ್ದು ಮಾತ್ರ ತದ್ವಿರುದ್ಧ ವಾದ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಾನು ಭಾವನ ಪಕ್ಕದ ಸೀಟಿನಲ್ಲೇ ಕೂತಿದ್ದೆ. ಪಿಕಪ್ಪಿನವನು ಎರಡು ಸಲ ಲೈಟ್ ಹೊಡೆದದ್ದು ನಿಜ, ಅದನ್ನು ನೋಡಿಯೇ ಭಾವ ಗಾಡಿ ಮುಂದಕ್ಕೆ ತೆಗೆದದ್ದೂ ನಿಜ.

ಯಾರಿಗೂ ಪೆಟ್ಟಾಗಲಿಲ್ಲ. ನಷ್ಟವೆಂದರೆ ಒಂದು ಕನ್ನಡಿ, ಒಂದು ಬಂಪರ್, ಮುಕ್ಕಾಲು ಗಂಟೆ ಟ್ರಾಫಿಕ್ ಜಾಮ್. ಪೊಲೀಸ್ ದಾಖಲೆಯಲ್ಲಿ ಸೇರದ, ಪತ್ರಿಕೆಯಲ್ಲಿ ಬರದ ಇಂಥ ಪ್ರಸಂಗಗಳು ನಮ್ಮ ಘಾಟಿಗಳಲ್ಲಿ ದಿನವೂ ನಡೆಯುತ್ತವೆ. ಆದರೂ ಇದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಬಲಗಡೆಯ ಪ್ರಪಾತಕ್ಕೂ ನಮಗೂ ನಡುವೆ ಇದ್ದದ್ದು ಒಂದು ಪಿಕಪ್ಪಿನ ಅಗಲ ಮಾತ್ರ. ಹಿಂದಿನ ಸೀಟಿನಲ್ಲಿ ಅಮ್ಮ, ಅಕ್ಕ, 9 ವರ್ಷದ ಅವಳ ಮಗ ಇದ್ದರು.

ಜಾಗ ಮತ್ತು ಜನ

ಧರ್ಮಸ್ಥಳದಿಂದ ಮೂಡಿಗೆರೆ ಕಡೆಗೆ ವಾಪಸಾಗುತ್ತಿದ್ದೆವು. ಮಂಗಳೂರಿನಿಂದ ತುಮಕೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿಯಲ್ಲಿ ಘಟ್ಟ ಹತ್ತಲು ಶುರು ಮಾಡುತ್ತದೆ, ಕೊಟ್ಟಿಗೆಹಾರದಲ್ಲಿ ಮೇಲೆ ಬಂದು ಉಸಿರು ಬಿಡುತ್ತದೆ. 2019ರ ಆಗಸ್ಟಿನ ಮಳೆಗೆ ಈ ಘಾಟಿ ಹತ್ತಾರು ಕಡೆ ಕುಸಿದು ರಸ್ತೆ ಮುಚ್ಚಿದ್ದು ಈ ಭಾಗದವರಿಗೆಲ್ಲ ನೆನಪಿದೆ. ಅದಾದ ಮೇಲೆ ಬಹಳ ಕಾಲ ಅಲ್ಲಲ್ಲಿ ರಸ್ತೆಯ ಅರ್ಧಕ್ಕೆ ಡ್ರಮ್ಮು, ಮರಳಿನ ಮೂಟೆ ಅಡ್ಡ ಇಟ್ಟು ಉಳಿದ ಅರ್ಧದಲ್ಲಿ ಗಾಡಿ ಬಿಡುತ್ತಿದ್ದರು. ನಮ್ಮ ಪ್ರಕರಣ ನಡೆದದ್ದು ಅಂಥ ಒಂದು ಜಾಗದಲ್ಲಿ, ಮಳೆಗಾಲ ಇನ್ನೇನು ಮುಗಿಯಬೇಕು ಅನ್ನುವ ಹೊತ್ತಿನಲ್ಲಿ.

ಕಣ್ಣಿಗೆ ಕಟ್ಟುವಂತೆ ಹೇಳುವುದಾದರೆ ಹೀಗೆ. ನಾವು ಹತ್ತುತ್ತಿದ್ದೇವೆ. ನಮ್ಮ ಎಡಕ್ಕೆ ಗುಡ್ಡದ ಗೋಡೆ, ಅದರ ಬುಡದಲ್ಲಿ ನೀರು ಹರಿಯುವ ಕಲ್ಲಿನ ಚರಂಡಿ. ಬಲಕ್ಕೆ ಕಣಿವೆ. ಕುಸಿದಿದ್ದದ್ದು ಕಣಿವೆಯ ಕಡೆ, ಅಂದರೆ ಇಳಿದು ಬರುವವರ ಪಾಲಿನ ರಸ್ತೆ. ಸುಮಾರು 30 ಮೀಟರ್ ಉದ್ದಕ್ಕೆ ಒಂದು ಗಾಡಿ ಮಾತ್ರ ಹಾಯುವಷ್ಟು ಜಾಗ. ಅದರಾಚೆ ಮೇಲೆ ಒಂದು ತಿರುವು. ಹೊತ್ತು ಸಂಜೆ ಆರೂವರೆ. ಮಂಜು ಕವಿದಿತ್ತು, ಆದರೆ ಎದುರಿನ ತಿರುವು ಮಸುಕಾಗಿ ಕಾಣುತ್ತಿತ್ತು.

ಕಾರು ಓಡಿಸುತ್ತಿದ್ದ ಭಾವ ಹಾಸನದ ಕಡೆಯವರು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 11 ವರ್ಷಗಳಿಂದ ಕೆಲಸದಲ್ಲಿದ್ದಾರೆ. ಊರಲ್ಲಿದ್ದಾಗ ಸ್ಕೂಟರ್ ಓಡಿಸಿದ್ದೇ ಹೊರತು ಕಾರು ಕಲಿತದ್ದು, ಲೈಸೆನ್ಸ್ ಪಡೆದದ್ದು ಎಲ್ಲ ಅಲ್ಲಿಯೇ. ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಬಂದಿದ್ದರು. ಅಲ್ಲೂ ಎಡಗಡೆ ಓಡಿಸುವುದು, ಇಲ್ಲೂ ಎಡಗಡೆ. ಹಾಗಾಗಿ ಅವರಿಗಾಗಲಿ ನಮಗಾಗಲಿ ಅಳುಕು ಇರಲಿಲ್ಲ. ಮೂರು ದಿನದಿಂದ ಬಹಳ ತಾಳ್ಮೆಯಿಂದ, ಯಾರನ್ನೂ ನುಗ್ಗಿ ಓವರ್‌ಟೇಕ್ ಮಾಡದೆ ಓಡಿಸಿದ್ದರು.

ಪಿಕಪ್ಪಿನ ಡ್ರೈವರ್ ಇಪ್ಪತ್ತೈದು ದಾಟದ ಹುಡುಗ. ಬೇಲೂರು ಕಡೆಯಿಂದ ಕೋಸು, ಬೀನ್ಸ್, ಟೊಮೆಟೊ ತುಂಬಿಕೊಂಡು ಘಟ್ಟದ ಕೆಳಗಿನ ಸಂತೆಗೆ ವಾರಕ್ಕೆ ನಾಲ್ಕು ಸಲ ಇಳಿಯುವವನು. ಜೊತೆಗೆ ಕ್ಲೀನರ್ ಇಲ್ಲ. ಲೋಡು ಒಂದು ಟನ್ನಿಗೂ ಮೇಲೆ.

ಆರು ಸೆಕೆಂಡು

ಡ್ರಮ್ಮುಗಳು ಕಂಡ ತಕ್ಷಣ ಭಾವ ಗಾಡಿಯನ್ನು ಪೂರ್ತಿ ನಿಲ್ಲಿಸಿದರು. ಅದು ಅವರ ಸ್ವಭಾವ. ಎದುರಿನಿಂದ ಯಾರಾದರೂ ಬರುತ್ತಿದ್ದಾರೋ ನೋಡಿಯೇ ಹೋಗೋಣ ಅಂದರು. ಅಷ್ಟರಲ್ಲಿ ಮೇಲಿನ ತಿರುವಿನಿಂದ ಪಿಕಪ್ ಹೊರಬಿತ್ತು. ನಮಗೂ ಅದಕ್ಕೂ ನಡುವೆ ಸುಮಾರು 70 ಮೀಟರ್. ತಿರುವು ದಾಟುತ್ತಲೇ ಅವನು ಎರಡು ಸಲ ಹೈ ಬೀಮ್ ಹೊಡೆದ. ಫಟ್ ಫಟ್.

ಭಾವ ಕೈ ಎತ್ತಿ "ಥ್ಯಾಂಕ್ ಯೂ" ಅಂದರು. ಕ್ಲಚ್ ಬಿಟ್ಟು ಹೊರಟೇಬಿಟ್ಟರು.

ಆ ಎತ್ತಿದ ಕೈಯನ್ನು ನಾನು ಮರೆಯಲಾರೆ. ತನಗೆ ದಾರಿ ಬಿಟ್ಟ ಅಪರಿಚಿತನಿಗೆ ಕೃತಜ್ಞತೆ ಹೇಳಿದ ಕೈ ಅದು. ಆ ಅಪರಿಚಿತ ದಾರಿ ಬಿಟ್ಟಿರಲೇ ಇಲ್ಲ.

ಲೆಕ್ಕ ಹಾಕಿ ನೋಡಿದೆ. ನಾವು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹತ್ತುತ್ತಿದ್ದೆವು ಅಂದುಕೊಂಡರೆ ಸೆಕೆಂಡಿಗೆ ನಾಲ್ಕು ಮೀಟರ್. ಅವನು 25ರಲ್ಲಿ ಇಳಿಯುತ್ತಿದ್ದ ಅಂದುಕೊಂಡರೆ ಸೆಕೆಂಡಿಗೆ ಏಳು ಮೀಟರ್. 70 ಮೀಟರ್ ಮುಗಿಯಲು ಆರೇ ಸೆಕೆಂಡು ಸಾಕು. ಅದರಲ್ಲಿ ಮೊದಲ ಎರಡು ಮೂರು ಸೆಕೆಂಡು ಇಬ್ಬರೂ ನಿಶ್ಚಿಂತೆಯಿಂದ ಇದ್ದರು. ಅವರು ನಿಲ್ಲುತ್ತಾರೆ ಎಂದು ಇವನು, ಇವನು ನಿಂತಿದ್ದಾನೆ ಎಂದು ಅವರು. ಮಂಜಿನಲ್ಲಿ ಎದುರಿಗೆ ಬರುವ ಎರಡು ದೀಪ ನಿಂತಿವೆಯೋ ಚಲಿಸುತ್ತಿವೆಯೋ ತಿಳಿಯುವುದು ಕಷ್ಟ. ದೀಪಗಳ ನಡುವಿನ ಅಂತರ ಹಿಗ್ಗಿದಾಗಲೇ ಗೊತ್ತಾಗುವುದು. ಅದು ಕಣ್ಣಿಗೆ ಕಾಣುವಷ್ಟು ಹಿಗ್ಗುವ ಹೊತ್ತಿಗೆ ಗಾಡಿ ಹತ್ತಿರ ಬಂದಾಗಿರುತ್ತದೆ.

ಇಬ್ಬರೂ ಒಟ್ಟಿಗೇ ಬ್ರೇಕ್ ಒತ್ತಿದರು. ಒದ್ದೆ ರಸ್ತೆಯಲ್ಲಿ ಪಿಕಪ್ ಜಾರಿಕೊಂಡೇ ಬಂತು. ಭಾವ ಎಡಕ್ಕೆ ಎಳೆದರು. ಮುಂದಿನ ಎಡಚಕ್ರ ಚರಂಡಿಗೆ ಇಳಿದು ಬಂಪರ್ ಕಲ್ಲಿಗೆ ಬಡಿಯಿತು. ಪಿಕಪ್ಪಿನ ಬಲಗಡೆಯ ಕನ್ನಡಿ ನಮ್ಮ ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋಗಿ ನಿಂತಿತು. ಭಾವನ ಕಿಟಕಿಗೂ ಆ ಹುಡುಗನ ಕಿಟಕಿಗೂ ಒಂದು ಗೇಣು ಅಂತರ. ಆ ಗೇಣಿನ ಅಂತರದಲ್ಲೇ ಶುರುವಿನಲ್ಲಿ ಬರೆದ ಎರಡು ಮಾತುಗಳು ನಡೆದವು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಎರಡೂ ಕಡೆ ಗಾಡಿಗಳು ಸಾಲುಗಟ್ಟಿದವು. ಜನ ಇಳಿದು ಬಂದರು. ಲೋಡು ಹೊತ್ತ ಪಿಕಪ್ಪನ್ನು ಏರಿನಲ್ಲಿ, ಒದ್ದೆಯಲ್ಲಿ, ತಿರುವಿನ ಕಡೆಗೆ ಹಿಂದಕ್ಕೆ ತೆಗೆಯುವುದು ಆಗದ ಮಾತು. ಏಳೆಂಟು ಜನ ಸೇರಿ ನಮ್ಮ ಕಾರಿನ ಮೂತಿ ಎತ್ತಿ ಚರಂಡಿಯಿಂದ ಬಿಡಿಸಿದರು. ನಾನು ಹಿಂದೆ ನಿಂತು ಮೊಬೈಲ್ ಟಾರ್ಚ್ ಹಿಡಿದು "ಬರ್ಲಿ, ಬರ್ಲಿ, ಹೋಲ್ಡಾನ್" ಅನ್ನುತ್ತ ಹೋದೆ, ಭಾವ ಇಳಿಜಾರಿನಲ್ಲಿ ರಿವರ್ಸ್ ತೆಗೆದರು. ಖರ್ಚು ಅವರವರದು ಅವರವರಿಗೆ ಎಂದು ತೀರ್ಮಾನವಾಯಿತು.

ಪ್ರತ್ಯಯವಿಲ್ಲದ ಮಾತು

ಸಾಲಿನಲ್ಲಿ ನಿಂತಿದ್ದ ಒಬ್ಬ ಹಿರಿಯ ಜೀಪ್ ಡ್ರೈವರ್ ಭಾವನ ಮಾತು ಕೇಳಿ ಮೊದಲು ನಂಬಲೇ ಇಲ್ಲ. "ಲೈಟ್ ಹೊಡೆದ್ರೆ ಬಾ ಅಂತ ಅರ್ಥವಾ? ಯಾವ ಊರಲ್ಲಿ ಸ್ವಾಮಿ?" ಅಂದರು. ಅಣಕಿಸುವ ದನಿಯಲ್ಲಿ ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ಅಚ್ಚರಿ.

ನಮ್ಮ ರಸ್ತೆಗಳಲ್ಲಿ ಕಿರಿದಾದ ಜಾಗದಲ್ಲಿ ಎದುರಿನವನು ಲೈಟ್ ಹೊಡೆದರೆ ಅದಕ್ಕೆ ಇರುವ ಅರ್ಥ ಒಂದೇ: ನಾನು ಬರ್ತಿದ್ದೀನಿ, ನೀನು ತಡಿ. ಕಿರಿದಾದ ಸೇತುವೆಯ ಎರಡು ತುದಿಯಲ್ಲಿ ಎರಡು ಗಾಡಿ ಬಂದರೆ ಮೊದಲು ಲೈಟ್ ಹೊಡೆದವನು ದಾಟುತ್ತಾನೆ. ಯಾರೂ ಕಲಿಸದೆ ಎಲ್ಲರಿಗೂ ಗೊತ್ತಿರುವ ಕರಾರು ಇದು. ಹಾಗಾದರೆ "ನೀವು ಬನ್ನಿ" ಅನ್ನಲು ಏನು ಮಾಡುತ್ತಾರೆ ಎಂದು ಆಮೇಲೆ ಮೂಡಿಗೆರೆಯ ಸ್ಟ್ಯಾಂಡಿನ ಡ್ರೈವರುಗಳನ್ನು ಕೇಳಿದೆ. ಗಾಡಿ ಸೈಡಿಗೆ ಹಾಕಿ ಲೈಟ್ ಇಳಿಸುತ್ತೇವೆ, ಡಿಮ್ಮಿಗೋ ಪಾರ್ಕಿಂಗ್ ಲೈಟಿಗೋ ತರುತ್ತೇವೆ ಅಂದರು. ಒಬ್ಬರು, ತೀರಾ ಕತ್ತಲಾಗಿದ್ದರೆ ಒಳಗಿನ ದೀಪ ಹಾಕಿ ಕೈ ಬೀಸುತ್ತೇನೆ, ಮುಖ ಕಂಡರೆ ಎದುರಿನವನಿಗೆ ಧೈರ್ಯ ಬರುತ್ತದೆ ಎಂದರು.

ಇಂಗ್ಲೆಂಡಿನ ಬೀದಿಗಳಲ್ಲಿ ರೂಢಿ ಇದಕ್ಕೆ ಪೂರ್ತಿ ತಿರುವುಮುರುವು. ಅಡ್ಡರಸ್ತೆಯಿಂದ ಹೊರಬರಲು ಕಾಯುತ್ತಿದ್ದರೆ, ಎರಡೂ ಬದಿ ಕಾರು ನಿಲ್ಲಿಸಿದ ಓಣಿಯಲ್ಲಿ ಎದುರುಬದುರಾದರೆ, ದಾರಿ ಬಿಡುವವನು ಲೈಟ್ ಹೊಡೆಯುತ್ತಾನೆ. ಅವನಿಗೆ ಕೈ ಎತ್ತಿ ವಂದಿಸಿ ಇವನು ಹೋಗುತ್ತಾನೆ. ಭಾವ 11 ವರ್ಷ ಮಾಡಿದ್ದು ಅದನ್ನೇ. ಅದು ಅವರ ಬಲಗಾಲಿಗೆ ಅಂಟಿಬಿಟ್ಟಿತ್ತು.

ಇದನ್ನು ಯೋಚಿಸುತ್ತ ನನಗೆ ಹೊಳೆದದ್ದು ನಮ್ಮ ಶಾಲೆಯ ವ್ಯಾಕರಣ ಪಾಠ. ಕನ್ನಡದಲ್ಲಿ ಕ್ರಿಯಾಪದದ ಕೊನೆಯ ಪ್ರತ್ಯಯವೇ ಮಾಡುವವರು ಯಾರು ಎಂದು ಹೇಳಿಬಿಡುತ್ತದೆ. "ಬರ್ತೀನಿ" ಅಂದರೆ ನಾನು, "ಬನ್ನಿ" ಅಂದರೆ ನೀವು. ನಾನು, ನೀವು ಎಂಬ ಪದವನ್ನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಹೆಡ್‌ಲೈಟಿನ ಮಾತಿಗೆ ಆ ಪ್ರತ್ಯಯವೇ ಇಲ್ಲ. ಅದು ಬರೀ "ಬರು" ಎಂಬ ಧಾತು. ಬರುವುದೇನೋ ಉಂಟು, ಬರುವವರು ಯಾರು ಎಂಬುದನ್ನು ನೋಡಿದವನೇ ಸೇರಿಸಿಕೊಳ್ಳಬೇಕು. ಹುಡುಗ ತನ್ನ ಊರಿನ ಪ್ರತ್ಯಯ ಸೇರಿಸಿ ಕಳಿಸಿದ, ಭಾವ ತಮ್ಮ ಊರಿನ ಪ್ರತ್ಯಯ ಸೇರಿಸಿ ಓದಿಕೊಂಡರು. ನಡುವೆ ಮಂಜಿನಲ್ಲಿ ಹಾದು ಬಂದದ್ದು ಬೋಳು ಧಾತು ಮಾತ್ರ.

ಬಸ್ಸಿನ ಕಂಡಕ್ಟರ್ ಸೀಟಿ ಊದುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಂದು ಸೀಟಿ ಅಂದರೆ ನಿಲ್ಲಿಸು, ಎರಡು ಸೀಟಿ ಅಂದರೆ ಹೊರಡು. "ರೈಟ್" ಅಂದರೆ ಹೋಗು, "ಹೋಲ್ಡಾನ್" ಅಂದರೆ ತಡಿ. ಇದರಲ್ಲಿ ಗೊಂದಲವಾಗುವುದಿಲ್ಲ. ಊದುವವನು, ಕೇಳುವವನು ಇಬ್ಬರೂ ಒಂದೇ ಗಾಡಿಯವರು, ಎಣಿಕೆಗೆ ತಕ್ಕ ಅರ್ಥವನ್ನು ಮೊದಲೇ ಒಪ್ಪಿಕೊಂಡವರು. ಎದುರುಬದುರಾಗುವ ಎರಡು ಗಾಡಿಗಳ ನಡುವೆ ಅಂಥ ಒಪ್ಪಂದ ಆಗುವ ಅವಕಾಶವೇ ಇಲ್ಲ. ಸಾಲದ್ದಕ್ಕೆ ಇದೇ ಲೈಟಿಗೆ ಇನ್ನೂ ಎಷ್ಟೋ ಕೆಲಸ ಹಚ್ಚಿದ್ದೇವೆ. ಮುಂದೆ ಆನೆ ನಿಂತಿದೆ, ಮರ ಬಿದ್ದಿದೆ, ಪೊಲೀಸರು ಇದ್ದಾರೆ, ನಿನ್ನ ಹೈ ಬೀಮ್ ಇಳಿಸು, ಹಗಲಲ್ಲಿ ಲೈಟ್ ಉರೀತಿದೆ ನೋಡ್ಕೋ. ಎಲ್ಲಕ್ಕೂ ಅದೇ ಫಟ್ ಫಟ್. ಕೊನೆಯದಂತೂ ಈಗ ಅರ್ಥವನ್ನೇ ಕಳೆದುಕೊಂಡಿದೆ. 2017ರ ಏಪ್ರಿಲ್ 1ರಿಂದ ಹೊಸ ಬೈಕು ಸ್ಕೂಟರುಗಳ ಹೆಡ್‌ಲೈಟ್ ಸದಾ ಉರಿಯುವಂತೆಯೇ ತಯಾರಾಗಿ ಬರುತ್ತಿವೆ, ಆರಿಸಲು ಸ್ವಿಚ್ಚೇ ಇಲ್ಲ. ಆದರೂ ನಮ್ಮ ಊರಿನ ಹಿರಿಯರು ಇಂದಿಗೂ ಬೈಕಿನ ಹುಡುಗರಿಗೆ ಐದು ಬೆರಳು ಅರಳಿಸಿ ಮುಚ್ಚಿ "ಲೈಟ್, ಲೈಟ್" ಎಂದು ತೋರಿಸುತ್ತಾರೆ. ಕಾಳಜಿ ಹಳೆಯದು, ಬಿಟ್ಟುಬಿಡುವುದು ಅವರಿಗೆ ಸುಲಭವಲ್ಲ.

ಒಂದೇ ಸನ್ನೆ ಎರಡು ಊರಲ್ಲಿ ಎರಡು ದಾರಿ ಹಿಡಿದದ್ದು ಯಾಕೆ? ಕಾರಣ ಹಾರ್ನಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ ಹಾರ್ನ್ ಹೊಡೆಯುವುದು ಬೈದಂತೆ. ಜನವಸತಿ ಇರುವ ಕಡೆ ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಏಳರವರೆಗೆ ಓಡುವ ಗಾಡಿಯಿಂದ ಹಾರ್ನ್ ಹೊಡೆಯಲೇಬಾರದು ಎಂದು ನಿಯಮವಿದೆ. ಸದ್ದು ಒರಟಾದಲ್ಲಿ ಬೆಳಕು ಮೃದುವಾಗುತ್ತದೆ, ಸೌಜನ್ಯದ ಕೆಲಸ ಅದರ ಪಾಲಿಗೆ ಬಂತು. ನಮ್ಮಲ್ಲಿ ಹಾರ್ನ್ ಬೈಗುಳವಲ್ಲ, ಇರವು ತಿಳಿಸುವ ದನಿ. ಲಾರಿಯ ಹಿಂದೆಯೇ "ಸೌಂಡ್ ಹಾರ್ನ್" ಎಂದು ಬರೆಸಿಕೊಂಡು ಕೇಳಿ ಹೊಡೆಸಿಕೊಳ್ಳುವವರು ನಾವು. ಘಾಟಿಯ ತಿರುವಿನಲ್ಲಿ ಹಾರ್ನ್ ಹೊಡೆಯದವನೇ ತಪ್ಪಿತಸ್ಥ. ಕತ್ತಲಾದ ಮೇಲೆ ಅದೇ ದನಿಯ ಕೆಲಸವನ್ನು ಲೈಟ್ ಮಾಡುತ್ತದೆ. ಜರ್ಮನ್ ಭಾಷೆಯಲ್ಲಿ ಇದಕ್ಕಿರುವ ಹೆಸರೇ ಲಿಖ್ಟ್‌ಹೂಪೆ, ಅಂದರೆ ಬೆಳಕಿನ ಹಾರ್ನ್. ಊರ ಹೊರಗಿನ ರಸ್ತೆಯಲ್ಲಿ ಓವರ್‌ಟೇಕ್ ಮಾಡುವ ಮುನ್ನ ಹಾಗೆ ಚುಟುಕಾಗಿ ಸೂಚಿಸಲು ಅಲ್ಲಿನ ಕಾನೂನಿನ ಅನುಮತಿಯೂ ಇದೆ. ಆ ಹೆಸರು ನಮ್ಮ ಬಳಕೆಗೂ ಒಪ್ಪುತ್ತದೆ.

ಅಮೆರಿಕದಲ್ಲಿ ಇದು ಮಾತೇ ಹೌದೋ ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೇ ಹತ್ತಿತು. ಮಿಸೌರಿ ರಾಜ್ಯದ ಎಲಿಸ್‌ವಿಲ್ ಎಂಬಲ್ಲಿ, ಮುಂದೆ ಪೊಲೀಸರು ವೇಗ ಅಳೆಯುತ್ತಿದ್ದಾರೆಂದು ಎದುರಿನವರಿಗೆ ಲೈಟ್ ಹೊಡೆದು ತಿಳಿಸಿದವನಿಗೆ ಪೊಲೀಸರು ದಂಡದ ಚೀಟಿ ಕೊಟ್ಟಿದ್ದರು. 2014ರಲ್ಲಿ ಫೆಡರಲ್ ನ್ಯಾಯಾಧೀಶರು ಅಂಥವರನ್ನು ಹಿಡಿಯದಂತೆ ಊರಿನ ಆಡಳಿತವನ್ನು ತಡೆದರು. ಸಂವಿಧಾನ ಕೊಟ್ಟ ವಾಕ್ ಸ್ವಾತಂತ್ರ್ಯದ ರಕ್ಷಣೆ ಈ ಬೆಳಕಿನ ಸನ್ನೆಗೂ ಇದೆ ಎಂಬ ನೆಲೆಯಲ್ಲಿ ಬಂದ ಆದೇಶ ಅದು. ಲೈಟ್ ಹೊಡೆಯುವುದು ಮಾತು ಎಂದು ಕೋರ್ಟೇ ಒಪ್ಪಿತು. ಯಾವ ಊರಿನ ಆಡುನುಡಿ ಎಂಬ ಪ್ರಶ್ನೆ ಅಲ್ಲಿ ಏಳಲಿಲ್ಲ. ನಮ್ಮ ಘಾಟಿಯಲ್ಲಿ ಎದ್ದದ್ದು ಅದೇ.

ಪುಸ್ತಕದಲ್ಲಿ ಏನಿದೆ

ಜೀಪಿನ ಹಿರಿಯರು, ಸಾಲಿನಲ್ಲಿದ್ದ ಇನ್ನಿಬ್ಬರು, "ಹುಡುಗ ಲೈಟ್ ಹೊಡೆದ, ದಾರಿ ಅವನದು" ಎಂದೇ ತೀರ್ಪು ಕೊಟ್ಟರು. ನಾನೂ ಆ ಸಂಜೆ ಹಾಗೇ ಅಂದುಕೊಂಡಿದ್ದೆ. ಮನೆಗೆ ಬಂದು ನಿಯಮಗಳನ್ನು ತೆಗೆದು ಓದಿದಾಗ ಬೇರೆಯೇ ಕಂಡಿತು.

ಗುಡ್ಡದ ರಸ್ತೆಯಲ್ಲಿ ಎರಡು ಗಾಡಿ ಸಲೀಸಾಗಿ ಹಾಯುವಷ್ಟು ಅಗಲ ಇಲ್ಲದಿದ್ದರೆ ಇಳಿಯುವವನು ಬದಿಗೆ ನಿಂತು ಹತ್ತುವವನಿಗೆ ದಾರಿ ಬಿಡಬೇಕು. 1989ರ ರಸ್ತೆ ನಿಯಮಗಳಲ್ಲೂ ಇದು ಇತ್ತು, ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಾವಳಿಯಲ್ಲೂ ಇದೆ. ಅದರ ಹಿಂದಿನ ಕಾರಣ ಏರಿನಲ್ಲಿ ಗಾಡಿ ನಿಲ್ಲಿಸಿದವರಿಗೆಲ್ಲ ಗೊತ್ತು. ಹತ್ತುವ ಗಾಡಿ ಒಮ್ಮೆ ನಿಂತರೆ ಮತ್ತೆ ಎತ್ತುವುದು ಕಷ್ಟ, ಹಿಂದಕ್ಕೆ ಜಾರಿದರೆ ಕಾಣದ ಕಡೆಗೆ ಜಾರುತ್ತದೆ. ಇಳಿಯುವವನು ಸರಿಯಾದ ಗೇರಿನಲ್ಲಿದ್ದರೆ ನಿಲ್ಲಿಸುವುದು ಅವನ ಕೈಯಲ್ಲಿರುತ್ತದೆ. ಇನ್ನೊಂದು ಮಾತು, ಅಡ್ಡಿ ಯಾರ ಪಾಲಿನ ರಸ್ತೆಯಲ್ಲಿದೆಯೋ ಅವರೇ ಕಾಯಬೇಕು ಎಂದು ಡ್ರೈವಿಂಗ್ ಕಲಿಸುವವರು ಎಲ್ಲ ಕಡೆ ಹೇಳಿಕೊಡುತ್ತಾರೆ. ಕುಸಿದಿದ್ದದ್ದು ಹುಡುಗನ ಪಾಲು. ಎರಡು ಲೆಕ್ಕದಲ್ಲೂ ಮೊದಲ ದಾರಿ ನಮ್ಮದಾಗಿತ್ತು.

ಅಂದರೆ ಭಾವನಿಗೆ ಹೋಗುವ ಹಕ್ಕು ಇತ್ತು. ಆದರೆ ಅವರು ಹೋದದ್ದು ಆ ಹಕ್ಕಿನಿಂದಲ್ಲ, ಇಲ್ಲದ ಒಂದು ಆಹ್ವಾನವನ್ನು ನಂಬಿ. ಹುಡುಗನಿಗೆ ಹಕ್ಕು ಇರಲಿಲ್ಲ, ಲೈಟ್ ಹೊಡೆದು ಅದನ್ನು ಪಡೆದುಕೊಂಡೆ ಎಂದು ಅವನೂ, ನೋಡಿದವರೂ ನಂಬಿದ್ದರು. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ರಸ್ತೆಯ ಇಳಿಜಾರು ಹೇಳುತ್ತಿದ್ದದ್ದನ್ನು ಇಬ್ಬರೂ ಕೇಳಲಿಲ್ಲ, ಇಬ್ಬರ ಕಣ್ಣೂ ಲೈಟಿನ ಮೇಲಿತ್ತು.

ಇನ್ನೂ ಬೆರಗಿನ ಸಂಗತಿ ಬ್ರಿಟನ್ನಿನ ಪುಸ್ತಕದಲ್ಲಿತ್ತು. ಅಲ್ಲಿನ ಹೈವೇ ಕೋಡ್‌ನ 110ನೇ ನಿಯಮದ ಪ್ರಕಾರ ಹೆಡ್‌ಲೈಟ್ ಹೊಡೆಯುವುದು ನಾನಿಲ್ಲಿದ್ದೇನೆ ಎಂದು ತಿಳಿಸಲು ಮಾತ್ರ, ಬೇರೆ ಯಾವ ಸಂದೇಶಕ್ಕೂ ಅದನ್ನು ಬಳಸಬಾರದು, ಯಾರನ್ನೂ ಬೆದರಿಸಬಾರದು. 111ನೇ ನಿಯಮ ಇನ್ನೂ ನೇರ: ಯಾರೋ ಲೈಟ್ ಹೊಡೆದರೆಂದು ಅದು ಮುಂದೆ ಹೋಗಲು ಕರೆ ಎಂದು ಎಂದಿಗೂ ತಿಳಿಯಬೇಡಿ, ನಿಮ್ಮ ವಿವೇಚನೆ ಬಳಸಿ ಎಚ್ಚರದಿಂದ ಸಾಗಿ. ಭಾವ ಲೈಸೆನ್ಸ್ ಪರೀಕ್ಷೆಗೆ ಓದಿದ್ದ ಪುಸ್ತಕವೇ ಅದು. ಬೀದಿಯ ರೂಢಿ ಪುಸ್ತಕವನ್ನು ಮರೆಸಿತ್ತು. ಅಲ್ಲಿ ಈ ರೂಢಿಯನ್ನೇ ಬಂಡವಾಳ ಮಾಡಿಕೊಂಡು, ಲೈಟ್ ಹೊಡೆದು ಹೊರಗೆ ಕರೆದು, ಬಂದವರಿಗೆ ಬೇಕೆಂದೇ ಗುದ್ದಿ, ವಿಮೆಯ ಹಣ ಕೇಳುವ ಮೋಸಗಾರರೂ ಹುಟ್ಟಿಕೊಂಡಿದ್ದಾರೆ. ಕರೆದದ್ದಕ್ಕೆ ಪುರಾವೆ ಎಲ್ಲಿಂದ ತರುವುದು?

ಬೆಳಕಿನ ಪ್ರಮಾಣದ ಮಾತೂ ಉಂಟು. ಪಿಕಪ್ಪಿನ ಬಂಪರ್ ಮೇಲೆ ಕಂಪನಿ ಕೊಡದ, ಹೊರಗಿನಿಂದ ಹಾಕಿಸಿದ ಎಲ್‌ಇಡಿ ಪಟ್ಟಿಯೊಂದಿತ್ತು. ಹೈ ಬೀಮ್ ಹೊಡೆದಾಗ ಅದೂ ಜೊತೆಗೇ ಉರಿಯಿತು. ದೀಪದ ಕಿರಣ ಹೇಗಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅಳತೆ ಕೊಟ್ಟು ಹೇಳಿದೆ: 8 ಮೀಟರ್ ದೂರದಲ್ಲಿ, ದೀಪದಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣಿಗೆ ಅದು ಕುಕ್ಕಬಾರದು. ಎದುರಿನ ಡ್ರೈವರನ ಕಣ್ಣು ಇರುವ ಜಾಗವನ್ನು ಲೆಕ್ಕ ಹಾಕಿಯೇ ಬರೆದಂತಿದೆ. ಆ ಪಟ್ಟಿ ಈ ಅಳತೆಯ ಹತ್ತಿರಕ್ಕೂ ಬರುವಂಥದ್ದಲ್ಲ. ಭಾವ ಕೈ ಎತ್ತಿದ್ದು ಹುಡುಗನಿಗೆ ಕಾಣಲಿಲ್ಲ ನಿಜ, ಆದರೆ ಹುಡುಗನ ಗಾಡಿ ನಿಲ್ಲಲಿಲ್ಲ ಎಂಬುದೂ ಭಾವನಿಗೆ ಕಾಣಲಿಲ್ಲ. ಕಣ್ಣಿನ ಪಾಪೆ ಬೆಳಕಿಗೆ ಥಟ್ಟನೆ ಕಿರಿದಾಗುತ್ತದೆ, ಮತ್ತೆ ಅರಳಲು ಸಮಯ ತೆಗೆದುಕೊಳ್ಳುತ್ತದೆ, ವಯಸ್ಸಾದಂತೆ ಇನ್ನೂ ನಿಧಾನ. ಭಾವನಿಗೆ 48. ಆರು ಸೆಕೆಂಡಿನಲ್ಲಿ ಒಂದೆರಡು ಸೆಕೆಂಡು ಅವರು ಬಿಳಿ ಮಂಜನ್ನಷ್ಟೇ ನೋಡುತ್ತಿದ್ದರು. ಏನೋ ಹೇಳಲು ಹೊಡೆದ ಲೈಟು ಕೇಳಿಸಿಕೊಳ್ಳಬೇಕಾದವನ ಕಣ್ಣನ್ನೇ ಕಟ್ಟಿತು.

ನಾನು ಹೇಳದೆ ಉಳಿದದ್ದು

ಆ ಎರಡು ಸಲದ ಲೈಟಿನ ಅರ್ಥ ಕಾರಿನಲ್ಲಿ ಒಬ್ಬನಿಗೆ ಸರಿಯಾಗಿ ಗೊತ್ತಿತ್ತು. ನನಗೆ. ಅವನು ಬರುತ್ತಿದ್ದಾನೆ ಎಂದು ಕಂಡ ತಕ್ಷಣ ಗೊತ್ತಾಗಿತ್ತು. ಭಾವ "ಥ್ಯಾಂಕ್ ಯೂ" ಅಂದಾಗ ಎದೆ ಧಸಕ್ಕೆಂದಿತ್ತು. ಆದರೂ ಬಾಯಿ ಬರಲಿಲ್ಲ.

ನಮ್ಮ ಮನೆಗಳಲ್ಲಿ ಸ್ಟೇರಿಂಗ್ ಹಿಡಿದ ಭಾವನಿಗೆ "ಹಾಗಲ್ಲ, ಹೀಗೆ" ಅನ್ನುವುದಿಲ್ಲ. ಅಕ್ಕ ಹಿಂದೆ ಕೂತಿದ್ದಾಳೆ, ಅಮ್ಮ ಇದ್ದಾರೆ, ಅಷ್ಟು ದೂರದಿಂದ ಬಂದ ಅಳಿಯಂದಿರು. ಮೊದಲ ದಿನವೇ, ಎದುರಿನ ಲಾರಿ ಲೈಟ್ ಹೊಡೆದಾಗ ಅವರು ಕೈ ಎತ್ತಿದ್ದನ್ನು ನೋಡಿದ್ದೆ. ಆಗ ರಸ್ತೆ ಅಗಲವಾಗಿತ್ತು, ಏನೂ ಆಗಲಿಲ್ಲ. ಅವತ್ತೇ ಕೇಳಬೇಕಿತ್ತು: ಭಾವ, ಯಾಕೆ ಕೈ ಎತ್ತಿದ್ರಿ? ಚಹಾಕ್ಕೆ ನಿಂತಾಗ, ಯಾರಿಗೂ ಕೇಳಿಸದಂತೆ ಕೇಳಿದ್ದರೂ ಸಾಕಿತ್ತು. ಆ ಒಂದು ಪ್ರಶ್ನೆ ಕೇಳಿದ್ದರೆ ಎರಡು ದಿನದ ಮೇಲಿನ ಸಂಜೆ ಬೇರೆಯಾಗಿರುತ್ತಿತ್ತು. ಹೊರದೇಶದಿಂದ ಬಂದವರ ಕೈಗೆ ಕಾರಿನ ಕೀ ಕೊಡುವಾಗ ಪೆಟ್ರೋಲ್ ಎಷ್ಟಿದೆ, ಎ.ಸಿ. ಸ್ವಿಚ್ ಎಲ್ಲಿದೆ ಎಂದು ಹೇಳಿಕೊಡುತ್ತೇವೆ. ಲೈಟ್ ಹೊಡೆದರೆ ಇಲ್ಲಿ ಏನರ್ಥ ಎಂದು ನಾನು ಹೇಳಿಕೊಡಲಿಲ್ಲ. ಪಕ್ಕದ ಸೀಟಿನವನ ಕೆಲಸ ಅದು.

ಈಗ ಹೇಳುತ್ತೇನೆ. ಯಾರೇ ಓಡಿಸುತ್ತಿರಲಿ, ಅವರು ದೊಡ್ಡಪ್ಪನಾಗಲಿ ಭಾವನಾಗಲಿ, ಕಿರಿದಾದ ಜಾಗದಲ್ಲಿ ಎದುರಿಗೆ ಲೈಟ್ ಕಂಡರೆ "ಅವನು ಬರ್ತಿದ್ದಾನೆ" ಎಂದು ಬಾಯಿಬಿಟ್ಟು ಹೇಳುತ್ತೇನೆ. ನಾನೇ ಓಡಿಸುವಾಗ ದಾರಿ ಬಿಡಬೇಕಾದರೆ ಲೈಟ್ ಮುಟ್ಟುವುದಿಲ್ಲ. ಗಾಡಿ ನಿಲ್ಲಿಸಿ ಬೆಳಕು ಇಳಿಸುತ್ತೇನೆ. ಎದುರಿನವನು ನಿಂತದ್ದು ಕಣ್ಣಿಗೆ ಖಚಿತವಾಗುವವರೆಗೆ, ದಾರಿ ನನ್ನದೇ ಆದರೂ ಹೊರಡುವುದಿಲ್ಲ.

ಹುಡುಗನ ಪ್ರಶ್ನೆ

ಜಾಮ್ ಬಿಡಿಸುವವರೆಗೆ ಭಾವನೂ ಹುಡುಗನೂ ಒಂದೇ ಕೊಡೆಯ ಕೆಳಗೆ ನಿಂತಿದ್ದರು. ಕೂಗಾಟ ಆರಿತ್ತು. ಅಕ್ಕ ಪ್ರಸಾದದ ಪೊಟ್ಟಣ ಬಿಚ್ಚಿ ಇಬ್ಬರಿಗೂ ಕೊಟ್ಟಳು. ಲೆಸ್ಟರಿನಲ್ಲಿ ಲೈಟ್ ಹೊಡೆದರೆ ಬನ್ನಿ ಅಂತ ಅರ್ಥ ಎಂದು ಭಾವ ಬಿಡಿಸಿ ಹೇಳಿದರು. ಹುಡುಗ ಗಮನವಿಟ್ಟು ಕೇಳಿ, ಬಾಯಲ್ಲಿದ್ದದ್ದನ್ನು ನುಂಗಿ, "ಸರಿ ಸಾರ್, ಹಾಗಾದ್ರೆ ಅಲ್ಲಿ ಬರ್ತೀನಿ ಅನ್ನೋಕೆ ಏನ್ ಮಾಡ್ತಾರೆ?" ಅಂದ. ಭಾವ ಯೋಚಿಸಿದರು. 11 ವರ್ಷದಲ್ಲಿ ಆ ಪ್ರಶ್ನೆ ಅವರಿಗೆ ಎದುರಾಗಿರಲಿಲ್ಲ. ಉತ್ತರ ಸಿಗಲಿಲ್ಲ. ಇಬ್ಬರೂ ಫೋನ್ ನಂಬರ್ ಕೊಟ್ಟು ತೆಗೆದುಕೊಂಡದ್ದು ಕನ್ನಡಿಯ ವಿಷಯಕ್ಕೆ, ಆದರೆ ಕನ್ನಡಿಯ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಎರಡು ತಿಂಗಳ ಮೇಲೆ ಒಂದು ರಾತ್ರಿ ಭಾವನ ಫೋನ್. "ಇವತ್ತು ಬೆಳಿಗ್ಗೆ ಜಂಕ್ಷನ್‌ನಲ್ಲಿ ಒಬ್ಬಾಕೆ ಲೈಟ್ ಹೊಡೆದ್ರು ಕಣೋ. ಕಾಲು ಬ್ರೇಕ್ ಮೇಲಿಂದ ಏಳ್ಲೇ ಇಲ್ಲ. ಪಾಪ, ಮತ್ತೆ ಹೊಡೆದ್ರು. ಅವರ ಗಾಡಿ ಪೂರ್ತಿ ನಿಂತಿದೆ ಅಂತ ನೋಡ್ಕೊಂಡೇ ಹೊರಟೆ." ಸ್ವಲ್ಪ ತಡೆದು, "ಆ ಹುಡುಗ ಕೇಳಿದ್ನಲ್ಲ, ಅದಕ್ಕೆ ಉತ್ತರ ಸಿಕ್ತು. ಇಲ್ಲಿ ಬರ್ತೀನಿ ಅನ್ನೋಕೆ ಏನೂ ಮಾಡಲ್ಲ. ಲೈಟ್ ಹೊಡೀದೇ ಇದ್ರೆ ಬರ್ತಾನೆ ಅಂತಲೇ ಅರ್ಥ. ನಮ್ಮಲ್ಲಿ ಸುಮ್ಮನಿರೋದು ಬಿಡೋನು, ಇಲ್ಲಿ ಸುಮ್ಮನಿರೋದು ಬರೋನು. ಅವನಿಗೆ ಹೇಳ್ತೀಯಾ?"

ಮರುದಿನ ಹುಡುಗನಿಗೆ ಫೋನ್ ಮಾಡಿ ಹೇಳಿದೆ. ಅವನು ಎಲ್ಲೋ ಲೋಡ್ ಇಳಿಸುತ್ತಿದ್ದ, ಹಿಂದೆ ಕ್ರೇಟುಗಳ ಸದ್ದು. ಪೂರ್ತಿ ಕೇಳಿಸಿಕೊಂಡ. ಎಲ್‌ಇಡಿ ಪಟ್ಟಿ ಬಿಚ್ಚಿಸಿದೆ ಅಣ್ಣ, ಅಂದ. ಆಮೇಲೆ ಒಂದು ಕ್ಷಣ ಬಿಟ್ಟು ಕೇಳಿದ:

"ಅಲ್ಲಾ ಅಣ್ಣ, ಹಾಗಾದ್ರೆ ಅಲ್ಲಿ ನಿದ್ದೆ ಹೊಡ್ಕೊಂಡು ಬರೋನೂ ಬರ್ತೀನಿ ಅಂತಾನೇ ಹೇಳ್ದಂಗೆ ಆಯ್ತಲ್ವಾ?"